ಕರಗುವ ಸ್ನಾಯು, ಕೂಡುವ ಕೊಬ್ಬು

ವಯಸ್ಸಾದಂತೆ ದೇಹದ ಸ್ನಾಯು ಕರಗುತ್ತದೆ, ಕೊಬ್ಬು ಕೂಡುತ್ತದೆ. ಎರಡೂ ಜೊತೆಜೊತೆಗೆ ನಡೆಯುವುದರಿಂದ ತೂಕದ ಯಂತ್ರಕ್ಕೆ ಇದರ ಸುಳಿವು ಸಿಗುವುದಿಲ್ಲ. ಐವತ್ತರಲ್ಲಿ 68 ಕಿಲೊ ಇದ್ದವರು ಎಪ್ಪತ್ತರಲ್ಲೂ 68 ಕಿಲೊ ಇರಬಹುದು, ತೂಕ ಕಾಪಾಡಿಕೊಂಡಿದ್ದೇನೆಂದು ಹೆಮ್ಮೆಯನ್ನೂ ಪಡಬಹುದು. ಅಷ್ಟರಲ್ಲಿ ಪ್ಯಾಂಟು ಸೊಂಟದಲ್ಲಿ ಬಿಗಿದು ತೊಡೆಯಲ್ಲಿ ಜೋಲತೊಡಗಿರುತ್ತದೆ, ರವಿಕೆಯ ತೋಳು ಸಡಿಲವಾಗಿ ಹೊಟ್ಟೆಯ ಭಾಗ ಸಾಲದಾಗಿರುತ್ತದೆ. ‘ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ’ ಎಂಬ ಆಡುಮಾತಿನ ವರ್ಣನೆ ಇದೇ ಸ್ಥಿತಿಯದು. ವೈದ್ಯರು ಇದನ್ನು ಸಾರ್ಕೊಪೀನಿಕ್ ಒಬೆಸಿಟಿ ಎನ್ನುತ್ತಾರೆ. ಸ್ನಾಯುಗೊರತೆಯ ಬೊಜ್ಜು ಎಂದರೆ ಅರ್ಥ ಕೆಡುವುದಿಲ್ಲ.

ಹೆಸರಿನ ಮೊದಲ ಭಾಗಕ್ಕೆ ಇನ್ನೂ ನಲವತ್ತು ವರ್ಷವೂ ತುಂಬಿಲ್ಲ. 1988ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಮುಪ್ಪು ಮತ್ತು ಪೋಷಣೆ ಕುರಿತ ಸಭೆಯೊಂದು ನಡೆಯಿತು. ವಯಸ್ಸಿನೊಂದಿಗೆ ಸ್ನಾಯು ಕುಗ್ಗುವಷ್ಟು ಎದ್ದು ಕಾಣುವ ಬದಲಾವಣೆ ಇನ್ನೊಂದಿಲ್ಲ, ಆದರೂ ಅದಕ್ಕೊಂದು ಹೆಸರಿಲ್ಲದ್ದರಿಂದ ಯಾರೂ ಗಮನ ಕೊಡುತ್ತಿಲ್ಲ ಎಂದು ಇರ್ವಿನ್ ರೋಸೆನ್‌ಬರ್ಗ್ ಅಲ್ಲಿ ವಾದಿಸಿದರು. ಗ್ರೀಕಿನಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ, ‘ಪೀನಿಯ’ ಎಂದರೆ ಬಡತನ. ಎರಡನ್ನೂ ಸೇರಿಸಿ ಅವರು ಸಾರ್ಕೊಪೀನಿಯ ಎಂಬ ಪದ ಕಟ್ಟಿದರು. ಅಮೆರಿಕದ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತ ಸಿಕ್ಕಿದ್ದು 2016ರಲ್ಲಿ. ಅಲ್ಲಿಯವರೆಗೆ ಲೆಕ್ಕಪತ್ರದ ಮಟ್ಟಿಗೆ ಅದು ರೋಗವೇ ಆಗಿರಲಿಲ್ಲ. ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ಎಷ್ಟೋ ಹಿರಿಯರ ತಪಾಸಣೆ ಮುಗಿದುಹೋಗುತ್ತಿತ್ತು, ಈಗಲೂ ಮುಗಿಯುತ್ತದೆ.

ಎಂಆರ್‌ಐ ಅಳತೆಗಳ ಪ್ರಕಾರ ಗಂಡಸರ ದೇಹತೂಕದಲ್ಲಿ ಸರಾಸರಿ ಶೇ. 38ರಷ್ಟು, ಹೆಂಗಸರಲ್ಲಿ ಶೇ. 31ರಷ್ಟು ಸ್ನಾಯುವೇ ಇರುತ್ತದೆ. ಅದು ಯಾವಾಗಿನಿಂದ ಕರಗತೊಡಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಕೆಲಸ ಇಂದಿಗೂ ಆಧಾರ. ಆರೋಗ್ಯವಂತರಾಗಿದ್ದು ಹಠಾತ್ತನೆ ತೀರಿಕೊಂಡ, 15ರಿಂದ 83 ವರ್ಷದ 43 ಗಂಡಸರ ತೊಡೆಯ ಹೊರಸ್ನಾಯುವನ್ನು ಅವರು ಇಡಿಯಾಗಿ ಅಡ್ಡಕೊಯ್ದು ಅದರ ತಂತುಗಳನ್ನು ಲೆಕ್ಕ ಹಾಕಿದರು. ಇಳಿಕೆ ಆರಂಭವಾಗುವುದು ಇಪ್ಪತ್ತೈದರ ಸುಮಾರಿಗೇ ಎಂದು ಗೊತ್ತಾಯಿತು. ಮೊದಲು ಅದು ನಿಧಾನ, ಐವತ್ತು ದಾಟಿದ ಮೇಲೆ ಚುರುಕು. ಇಪ್ಪತ್ತರಿಂದ ಎಂಬತ್ತರ ನಡುವೆ ಆ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇ. 40ರಷ್ಟು ಕುಗ್ಗುತ್ತದೆ. ಉಳಿದ ತಂತುಗಳು ತೆಳ್ಳಗಾಗುವುದು ಇದಕ್ಕೆ ಸಣ್ಣ ಕಾರಣ. ತಂತುಗಳ ಸಂಖ್ಯೆಯೇ ಇಳಿಯುವುದು ದೊಡ್ಡ ಕಾರಣ.

ತಂತುಗಳು ಕಡಿಮೆಯಾಗುವ ಕಥೆ ಸ್ನಾಯುವಿನಲ್ಲಿ ಶುರುವಾಗುವುದಿಲ್ಲ, ಬೆನ್ನುಹುರಿಯಲ್ಲಿ ಶುರುವಾಗುತ್ತದೆ. ಅಲ್ಲಿನ ಒಂದೊಂದು ನರಕೋಶವೂ ನೂರಾರು ಸ್ನಾಯುತಂತುಗಳನ್ನು ಆಳುತ್ತದೆ. ವಯಸ್ಸಾದಂತೆ ಈ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಒಡೆಯನಿಲ್ಲದ ತಂತುಗಳಲ್ಲಿ ಕೆಲವನ್ನು ಪಕ್ಕದ ನರ ತನ್ನ ಕವಲು ಚಾಚಿ ಹಿಡಿದುಕೊಳ್ಳುತ್ತದೆ, ನಿವೃತ್ತನಾದ ಲೈನ್‌ಮನ್ನಿನ ಹಳ್ಳಿಗಳನ್ನು ಪಕ್ಕದ ಲೈನ್‌ಮನ್ನಿಗೆ ವಹಿಸುವ ಹಾಗೆ. ಕರೆಂಟು ಬರುತ್ತದೆ, ಆದರೆ ಕೆಟ್ಟಾಗ ರಿಪೇರಿ ತಡ. ಯಾರೂ ಹಿಡಿಯದ ತಂತುಗಳು ಸೊರಗಿ ಕರಗುತ್ತವೆ. ಸ್ನಾಯುತಂತುಗಳಲ್ಲಿ ಎರಡು ಮುಖ್ಯ ಜಾತಿ: ನಿಧಾನವಾಗಿ, ದಣಿಯದೆ ದುಡಿಯುವವು ಒಂದು, ಕ್ಷಣದಲ್ಲಿ ಬಲ ತೋರಿ ಬೇಗ ಸುಸ್ತಾಗುವವು ಇನ್ನೊಂದು. ಮುಪ್ಪಿನಲ್ಲಿ ಹೆಚ್ಚು ಪೆಟ್ಟು ಬೀಳುವುದು ಎರಡನೆಯದಕ್ಕೆ. ಹೊಸಿಲು ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ದೇಹವನ್ನು ಹಿಡಿದು ನಿಲ್ಲಿಸುವುದು ಅದೇ ಜಾತಿಯ ತಂತು. ಎಂಬತ್ತರ ಅಜ್ಜ ಊರ ಕೆರೆ ಏರಿಯ ಮೇಲೆ ಎರಡು ಮೈಲಿ ನಡೆದು ಬರುತ್ತಾರೆ, ಬಚ್ಚಲಲ್ಲಿ ಕಾಲು ಜಾರಿದರೆ ಮಾತ್ರ ಸಾವರಿಸಿಕೊಳ್ಳಲಾರರು. ಇದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಇಳಿಯುತ್ತದೆ. 1997–98ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳಲ್ಲಿ 70ರಿಂದ 79 ವರ್ಷದ 3075 ಮಂದಿಯನ್ನು ಸೇರಿಸಿಕೊಂಡು ‘ಹೆಲ್ತ್ ಎಬಿಸಿ’ ಅಧ್ಯಯನ ಆರಂಭವಾಯಿತು. ಮೂರು ವರ್ಷಗಳಲ್ಲಿ ಅವರ ಕಾಲಿನ ಬಲ, ಸ್ನಾಯುವಿನ ಗಾತ್ರಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಕುಸಿದಿತ್ತು. ತೂಕ ಹೆಚ್ಚಿಸಿಕೊಂಡು ಸ್ನಾಯು ಉಳಿಸಿಕೊಂಡವರ ಬಲವೂ ಇಳಿದಿತ್ತು. ಉಳಿದ ಸ್ನಾಯುವಿನ ಗುಣವೇ ಕೆಟ್ಟಿರುತ್ತದೆ ಎಂಬುದು ಇದರ ಅರ್ಥ. ಕೆಡಿಸುವ ಸಂಗತಿಗಳಲ್ಲಿ ಒಂದು, ಸ್ನಾಯುವಿನ ಒಳಗೇ ಸೇರಿಕೊಳ್ಳುವ ಕೊಬ್ಬು. ಸ್ಕ್ಯಾನಿನಲ್ಲಿ ಇಪ್ಪತ್ತರ ತರುಣನ ತೊಡೆಯ ಸ್ನಾಯು ಒಂದೇ ಬಣ್ಣದಲ್ಲಿ ಕಾಣುತ್ತದೆ. ಕೂತೇ ಕಾಲ ಕಳೆದ ಎಪ್ಪತ್ತರವರ ತೊಡೆಯಲ್ಲಿ ಕೊಬ್ಬಿನ ಗೆರೆಗಳು ಎಳೆಎಳೆಯಾಗಿ ಹರಡಿರುತ್ತವೆ. ಹೊರಗಿನಿಂದ ಟೇಪು ಸುತ್ತಿದರೆ ಎರಡು ತೊಡೆಯ ಅಳತೆಯೂ ಒಂದೇ ಇರಬಹುದು.

ಇದು ನಡೆದಾಡುವುದಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಕೋಲು ಹಿಡಿದು ಕಾಲ ಹಾಕಬಹುದಿತ್ತು. ಆದರೆ ಸ್ನಾಯು ದೇಹದ ದೊಡ್ಡ ಸಕ್ಕರೆ ಉಗ್ರಾಣವೂ ಹೌದು. ವಯಸ್ಕರ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜೆನ್ ಕೂಡಿಟ್ಟಿರುತ್ತದೆ, ಯಕೃತ್ತಿನಲ್ಲಿ ಇರುವುದು ಸುಮಾರು 100 ಗ್ರಾಂ. ಇಡೀ ದೇಹದ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಐದು ಗ್ರಾಂ ಮೀರುವುದಿಲ್ಲ, ಹೆಚ್ಚುಕಡಿಮೆ ಒಂದು ಚಮಚ. ಒಂದು ತಟ್ಟೆ ಅನ್ನ ಉಂಡಾಗ ಅದರ ಹತ್ತಿಪ್ಪತ್ತು ಪಟ್ಟು ಗ್ಲೂಕೋಸ್ ಈ ಒಂದು ಚಮಚದ ಜಾಗಕ್ಕೆ ನುಗ್ಗುತ್ತದೆ. ಅದನ್ನು ಬೇಗ ಬೇರೆಡೆ ಸಾಗಿಸಬೇಕು. ರಕ್ತನಾಳಕ್ಕೆ ನೇರವಾಗಿ ಇನ್ಸುಲಿನ್ ಮತ್ತು ಗ್ಲೂಕೋಸ್ ಹರಿಸಿ ಮಾಡಿದ ಪ್ರಯೋಗಗಳಲ್ಲಿ, ಇನ್ಸುಲಿನ್ ಒಳಗೆ ಕಳಿಸುವ ಸಕ್ಕರೆಯಲ್ಲಿ ಶೇ. 80ರಷ್ಟನ್ನು ಸ್ನಾಯುವೇ ಹೀರಿಕೊಂಡಿತು. ಉಗ್ರಾಣ ಚಿಕ್ಕದಾದರೆ ಸರಕು ಬೀದಿಯಲ್ಲೇ ಉಳಿಯುತ್ತದೆ. ಆಹಾರ ಬದಲಾಯಿಸದೆಯೂ ಅರುವತ್ತರ ನಂತರ ಸಕ್ಕರೆಯ ಅಂಕಿ ಏರುವುದಕ್ಕೆ ಇದೊಂದು ಕಾರಣ.

ಸ್ನಾಯುವಿನ ಬಾಗಿಲಿಗೆ ಎರಡು ಬೀಗದ ಕೈಗಳಿವೆ. ಒಂದು ಇನ್ಸುಲಿನ್. ಅದು ಬಂದಾಗ ಜೀವಕೋಶದ ಒಳಗಿರುವ ಗ್ಲುಟ್-4 ಎಂಬ ಪ್ರೋಟೀನುಗಳು ಮೇಲ್ಮೈಗೆ ಬಂದು ಗ್ಲೂಕೋಸನ್ನು ಒಳಗೆ ಬಿಡುತ್ತವೆ. ಇನ್ನೊಂದು, ಸ್ನಾಯುವಿನ ಸಂಕುಚನವೇ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಅದೇ ಗ್ಲುಟ್-4 ಅನ್ನು ಮೇಲಕ್ಕೆ ತರುತ್ತದೆ. ಇನ್ಸುಲಿನ್‌ಗೆ ಮಣಿಯದ ಸ್ನಾಯುವಿನಲ್ಲೂ ಈ ಎರಡನೆಯ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ಓಡಾಡಿದರೆ ಸಕ್ಕರೆ ಕಡಿಮೆ ಏರುವುದರ ಗುಟ್ಟು ಇದು.

ಕೊಬ್ಬಿನ ಕಡೆಗೆ ಬಂದರೆ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ನಲವತ್ತು ದಾಟಿದ ಕೂಡಲೇ ಚಯಾಪಚಯ ನಿಧಾನವಾಗುತ್ತದೆ, ಅದಕ್ಕೇ ಹೊಟ್ಟೆ ಬರುತ್ತದೆ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. 29 ದೇಶಗಳ 6421 ಮಂದಿಯ ಶಕ್ತಿವ್ಯಯದ ಅಳತೆಗಳನ್ನು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2021ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದೇಹದ ಗಾತ್ರ ಮತ್ತು ರಚನೆಯನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ಶಕ್ತಿವ್ಯಯ ಬದಲಾಗುವುದೇ ಇಲ್ಲ ಎಂದು ಕಂಡಿತು. ಅರುವತ್ತರ ನಂತರ ವರ್ಷಕ್ಕೆ ಸುಮಾರು ಶೇ. 0.7ರಂತೆ ಇಳಿಯುತ್ತದೆ. ಅಂದರೆ ನಡುವಯಸ್ಸಿನ ಬೊಜ್ಜಿಗೆ ಚಯಾಪಚಯವನ್ನು ದೂರಿ ಫಲವಿಲ್ಲ. ಕುರ್ಚಿ, ನಿದ್ದೆಗೇಡು, ಸಂಜೆಯ ಬೋಂಡಾ ಇವನ್ನೇ ವಿಚಾರಿಸಿಕೊಳ್ಳಬೇಕು. ಸ್ನಾಯು ಬೆಳೆಸಿದರೆ ಕೂತಲ್ಲೇ ಕೊಬ್ಬು ಉರಿಯುತ್ತದೆಂಬ ಜಿಮ್ಮಿನ ಭರವಸೆಯೂ ಅರ್ಧಸತ್ಯ. ವಿಶ್ರಾಂತಿಯಲ್ಲಿರುವ ಒಂದು ಕಿಲೊ ಸ್ನಾಯು ದಿನಕ್ಕೆ ಬಳಸುವುದು ಸುಮಾರು 13 ಕಿಲೊಕ್ಯಾಲೊರಿ, ಒಂದು ಬಿಸ್ಕತ್ತಿಗೂ ಸಾಲದಷ್ಟು. ಸ್ನಾಯುವಿನ ಬೆಲೆ ಇರುವುದು ಅದು ಮಾಡುವ ಕೆಲಸದಲ್ಲಿ, ಹೀರುವ ಸಕ್ಕರೆಯಲ್ಲಿ.

ಕೊಬ್ಬು ಎಲ್ಲಿ ಕೂರುತ್ತದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಚರ್ಮದಡಿಯ ಕೊಬ್ಬು ಹೆಚ್ಚು ತೊಂದರೆ ಕೊಡದು. ಮುಪ್ಪಿನಲ್ಲಿ ಆ ಜಾಗದ ಹಿಡಿಸುವ ಶಕ್ತಿ ತಗ್ಗಿ, ಹೊಟ್ಟೆಯೊಳಗೆ ಕರುಳಿನ ಸುತ್ತ, ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಕೊಬ್ಬು ತುಂಬತೊಡಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು, ಸೊಂಟ ತೊಡೆಗಳಿಗೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಯ ದಾರಿ ಹಿಡಿಯುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಉರಿಯೂತ ತರುವ ರಾಸಾಯನಿಕಗಳನ್ನು ಸದಾ ಸಣ್ಣಗೆ ಸೋರಿಸುತ್ತಿರುತ್ತದೆ. ಅವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ಇನ್ಸುಲಿನ್‌ಗೆ ಸಕ್ಕರೆ ಸಾಗಿಸುವುದರ ಜೊತೆಗೆ ಸ್ನಾಯುವಿನ ಪ್ರೋಟೀನು ಒಡೆಯದಂತೆ ತಡೆಯುವ ಹೊಣೆಯೂ ಇದೆ. ಅದರ ಮಾತು ನಡೆಯದಾದಾಗ ಸ್ನಾಯು ಇನ್ನಷ್ಟು ಕರಗುತ್ತದೆ. ಸ್ನಾಯು ಕರಗಿದವರು ಕಡಿಮೆ ಓಡಾಡುತ್ತಾರೆ, ಕಡಿಮೆ ಓಡಾಡುವವರಿಗೆ ಕೊಬ್ಬು ಕೂಡುತ್ತದೆ. ಹೆಲ್ತ್ ಎಬಿಸಿ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಬಲ ಇಲ್ಲದವರಿಗಿಂತ ಬೇಗ ಇಳಿದದ್ದು ಈ ವಿಷವರ್ತುಲಕ್ಕೆ ಒಂದು ಸಾಕ್ಷಿ.

ಭಾರತೀಯರ ಮಟ್ಟಿಗೆ ಈ ಅಧ್ಯಾಯ ಮುಪ್ಪಿಗಿಂತ ಬಹಳ ಮೊದಲೇ ತೆರೆಯುತ್ತದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯವಿಜ್ಞಾನಿಗಳು ತಮ್ಮದೇ ಚಿತ್ರ ಅಚ್ಚು ಹಾಕಿಸಿದರು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರ-ತೂಕದಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಅಳೆದಾಗಲೂ ಯಾಜ್ಞಿಕ್ ತಂಡಕ್ಕೆ ಇದೇ ಚಿತ್ರ ಕಂಡಿತ್ತು. ಇಂಗ್ಲೆಂಡಿನ ಮಕ್ಕಳಿಗಿಂತ ತೂಕ ಬಹಳ ಕಡಿಮೆ, ಸ್ನಾಯು ಇನ್ನೂ ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಸ್ನಾಯುತಂತುಗಳ ಸಂಖ್ಯೆ ಬಹುಮಟ್ಟಿಗೆ ಹುಟ್ಟುವ ಹೊತ್ತಿಗೇ ನಿಗದಿಯಾಗುವುದರಿಂದ ಇಂಥ ಮಗು ಸಣ್ಣ ಬಂಡವಾಳದೊಂದಿಗೆ ಬದುಕು ಆರಂಭಿಸುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನಲ್ಲಿ, ಹುಟ್ಟುವಾಗ ಕಡಿಮೆ ತೂಕವಿದ್ದವರ ಕೈಹಿಡಿತ ಅರುವತ್ತು ದಾಟಿದ ಮೇಲೂ ದುರ್ಬಲವಾಗಿದ್ದುದು ದಾಖಲಾಗಿದೆ. ಮೈಸೂರಿಗೂ ಈ ಬಗೆಯ ಸಂಶೋಧನೆಯಲ್ಲಿ ಸ್ಥಾನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿತ್ತು. ಆ ಪುಸ್ತಕಗಳಲ್ಲಿದ್ದ ಕೂಸುಗಳನ್ನು ಅವರ ನಲವತ್ತು, ಐವತ್ತರ ವಯಸ್ಸಿನಲ್ಲಿ ಹುಡುಕಿ ತಪಾಸಣೆ ಮಾಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿರುವುದು 1996ರಲ್ಲಿ ಪ್ರಕಟವಾಯಿತು.

ಈ ಕಾರಣಗಳಿಂದಲೇ ಭಾರತದಲ್ಲಿ ಬಿಎಂಐ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂದು ಹಿಡಿಯುತ್ತಾರೆ. ಪಶ್ಚಿಮದ ಗೆರೆಗಳು 25 ಮತ್ತು 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಹಿರಿಯರ ಮಟ್ಟಿಗೆ ಬಿಎಂಐ ಇನ್ನಷ್ಟು ಕುರುಡು. ಬೆನ್ನೆಲುಬು ಕುಸಿದು ಎತ್ತರ ತಗ್ಗಿರುತ್ತದೆ, ಸ್ನಾಯು ಹೋಗಿ ಕೊಬ್ಬು ಬಂದಿರುತ್ತದೆ. ಭಾಗಾಕಾರದ ಫಲ ಮಾತ್ರ ಮರ್ಯಾದಸ್ಥ ಸಂಖ್ಯೆಯಾಗಿಯೇ ಉಳಿದಿರುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಸ್ನಾಯುವಿನ ಪ್ರಮಾಣಕ್ಕೆ ಡೆಕ್ಸಾ ಸ್ಕ್ಯಾನ್ ಇದೆ, ಆದರೆ ಅದು ದೊಡ್ಡ ಊರುಗಳ ಸೌಲಭ್ಯ. ಬಲವನ್ನು ಅಳೆಯುವುದು ಸುಲಭ, ಅಗ್ಗ, ಮತ್ತು ಭವಿಷ್ಯ ಹೇಳುವುದರಲ್ಲಿ ಹೆಚ್ಚು ನಂಬಿಕೆಗೆ ಅರ್ಹ. 2019ರ ಏಷ್ಯಾದ ತಜ್ಞರ ಒಮ್ಮತದ ಪ್ರಕಾರ ಕೈಹಿಡಿತದ ಬಲ ಗಂಡಸರಲ್ಲಿ 28 ಕಿಲೊ, ಹೆಂಗಸರಲ್ಲಿ 18 ಕಿಲೊಗಿಂತ ಕಡಿಮೆ ಇದ್ದರೆ ದೌರ್ಬಲ್ಯ. ಅಳೆಯುವ ಉಪಕರಣ ಇಲ್ಲದ ಮನೆಯಲ್ಲಿ ಒದ್ದೆ ಬೆಡ್‌ಶೀಟು ಹಿಂಡಲಾಗದಿರುವುದು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗದಿರುವುದು, ಕುಕ್ಕರನ್ನು ಎರಡೂ ಕೈಯಲ್ಲಿ ಇಳಿಸಬೇಕಾಗುವುದು ಅದೇ ಮಾತನ್ನು ಹೇಳುತ್ತವೆ. 17 ದೇಶಗಳ ಸುಮಾರು 1.4 ಲಕ್ಷ ಮಂದಿಯನ್ನು ಒಳಗೊಂಡ ‘ಪ್ಯೂರ್’ ಅಧ್ಯಯನ 2015ರಲ್ಲಿ, ಹಿಡಿತದ ಬಲ ಐದು ಕಿಲೊ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇ. 16ರಷ್ಟು ಹೆಚ್ಚು ಎಂದು ತೋರಿಸಿತು. ಸಾವಿನ ಮುನ್ಸೂಚನೆಯಾಗಿ ಅದು ರಕ್ತದೊತ್ತಡದ ಅಂಕಿಯನ್ನೂ ಮೀರಿಸಿತ್ತು. ಬಿಪಿ ಯಂತ್ರ ಮನೆಮನೆಗೆ ಬಂದಿದೆ, ಹಿಡಿತಮಾಪಕ ಎಷ್ಟೋ ಕ್ಲಿನಿಕ್ಕುಗಳಲ್ಲೂ ಇಲ್ಲ.

ಕುರ್ಚಿ ಪರೀಕ್ಷೆ ಇನ್ನೂ ಸರಳ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಪೂರ್ತಿ ಎದ್ದು ಕೂರಬೇಕು. ಅದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ. ಮಾಮೂಲಿ ನಡಿಗೆ ಸೆಕೆಂಡಿಗೆ ಒಂದು ಮೀಟರ್‌ಗಿಂತ ನಿಧಾನವಾಗಿದ್ದರೆ ಅದೂ ಒಂದು ಸೂಚನೆ. ಜಪಾನಿನ ಕಶಿವ ನಗರದ ಸಂಶೋಧಕರು ಬಳಸಿದ ‘ಬೆರಳುಂಗುರ’ ಪರೀಕ್ಷೆಗೆ ಟೇಪೂ ಬೇಡ: ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳನ್ನು ಸೇರಿಸಿ ಮೀನಖಂಡದ ದಪ್ಪನೆಯ ಭಾಗವನ್ನು ಬಳಸಿ ಹಿಡಿಯಬೇಕು. ಉಂಗುರ ಸಡಿಲವಾಗಿ ಜಾಗ ಉಳಿದರೆ ಸ್ನಾಯು ಕಡಿಮೆಯಿರುವ ಸಂಭವ ಹೆಚ್ಚು. ಬೊಜ್ಜಿರುವವರ, ಕಾಲು ಊದಿಕೊಂಡವರ ವಿಷಯದಲ್ಲಿ ಈ ಉಂಗುರ ಮೋಸ ಮಾಡುತ್ತದೆ. ಅವರಿಗೆ ಕುರ್ಚಿಯೇ ಸರಿ.

ಬ್ರೆಜಿಲ್‌ನ ಕ್ಲಾಡಿಯೊ ಗಿಲ್ ಅರೌಜೊ ಅವರ ಪರೀಕ್ಷೆ ಕನ್ನಡ ನಾಡಿನವರಿಗೆ ಪರೀಕ್ಷೆ ಎಂದೇ ಅನ್ನಿಸಲಿಕ್ಕಿಲ್ಲ. ನೆಲದ ಮೇಲೆ ಕೂತು ಏಳುವುದು, ಅಷ್ಟೇ. ಕೈ, ಮೊಣಕಾಲು ಊರಿದಂತೆಲ್ಲ ಅಂಕ ಕಡಿತ. 51ರಿಂದ 80 ವರ್ಷದ 2002 ಮಂದಿಯಲ್ಲಿ, ಕಡಿಮೆ ಅಂಕ ಪಡೆದವರು ನಂತರದ ವರ್ಷಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ತೀರಿಕೊಂಡರು. ಪಂಕ್ತಿಯಲ್ಲಿ ಚಕ್ಕಂಬಟ್ಟೆ ಹಾಕಿ ಕೂತು ಉಣ್ಣುವುದು, ಕುಕ್ಕರುಗಾಲಲ್ಲಿ ಕೂತು ಸೊಪ್ಪು ಬಿಡಿಸುವುದು, ಹಳೆಯ ಮಾದರಿಯ ಶೌಚಾಲಯ ಇವೆಲ್ಲ ದಿನಕ್ಕೆ ಹತ್ತಾರು ಬೈಠಕ್ಕುಗಳನ್ನು ಯಾರಿಗೂ ಗೊತ್ತಾಗದಂತೆ ಮಾಡಿಸುತ್ತಿದ್ದವು. ಊಟದ ಮೇಜು, ಸೋಫಾ, ಕಮೋಡು ಬಂದ ಮೇಲೆ ಅವು ನಿಂತವು. ಮೊಣಕಾಲು ಸವೆದವರಿಗೆ ಇವು ವರವೇ. ಉಳಿದವರು ಕಳೆದುಕೊಂಡ ಬೈಠಕ್ಕನ್ನು ಬೇರೆ ರೀತಿಯಲ್ಲಿ ತುಂಬಿಕೊಳ್ಳಬೇಕಾಗುತ್ತದೆ.

ಸ್ನಾಯು ಕರಗುವುದು ಎಂದಾಗ ಇಳಿಜಾರಿನ ಚಿತ್ರ ಮನಸ್ಸಿಗೆ ಬರುತ್ತದೆ, ಆದರೆ ಬಹಳ ಮಂದಿಯ ವಿಷಯದಲ್ಲಿ ಅದು ಮೆಟ್ಟಿಲುಗಳಂತೆ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಒಂದು ಜ್ವರ, ಒಂದು ಆಪರೇಷನ್, ಒಂದು ಬೀಳುವಿಕೆ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿ ನಡೆಸಿದ ಅಮೆರಿಕದ ಪ್ರಯೋಗದಲ್ಲಿ (2007) ಕಾಲುಗಳಿಂದಲೇ ಸುಮಾರು ಒಂದು ಕಿಲೊ ಮಾಂಸ ಹೋಗಿತ್ತು. ಯಾವ ರೋಗವೂ ಇಲ್ಲದೆ, ಬರೀ ಮಲಗಿದ್ದಕ್ಕೆ. ಡೆಂಗ್ಯೂ ಆಗಿ ವಾರ ಮಲಗಿದ ತರುಣ ತಿಂಗಳಲ್ಲಿ ಮೊದಲಿನಂತಾಗುತ್ತಾನೆ. ಎಪ್ಪತ್ತೈದರವರಿಗೆ ಕಳೆದದ್ದು ತಾನಾಗಿ ಮರಳುವುದಿಲ್ಲ. ‘ಅಮ್ಮ, ನೀನು ಏಳಬೇಡ, ಎಲ್ಲ ಇಲ್ಲಿಗೇ ತಂದುಕೊಡ್ತೀವಿ’ ಎನ್ನುವ ಮಕ್ಕಳ ಕಾಳಜಿ ಇಲ್ಲಿ ತಿರುಗುಬಾಣ. ಬಹುಪಾಲು ಕಾಯಿಲೆಗಳಲ್ಲಿ ವೈದ್ಯರು ಬೇಡವೆನ್ನದಿದ್ದರೆ ಕೈಹಿಡಿದು ಬಚ್ಚಲವರೆಗಾದರೂ ನಡೆಸುವುದು ಒಳ್ಳೆಯದು.

ಊಟದ ವಿಚಾರ ಸ್ವಲ್ಪ ವಿವರವಾಗಿ ನೋಡುವಂಥದ್ದು. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿರುವ ಪ್ರೋಟೀನು, ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ. 2013ರ ಅಂತರರಾಷ್ಟ್ರೀಯ ತಜ್ಞರ ಗುಂಪು 65 ದಾಟಿದವರಿಗೆ 1.0ರಿಂದ 1.2 ಗ್ರಾಂ ಬೇಕೆಂದಿತು. ವಯಸ್ಸಾದ ಸ್ನಾಯು ಪ್ರೋಟೀನಿನ ಕರೆಗೆ ಕಿವುಡಾಗಿರುವುದೇ ಕಾರಣ: ತರುಣರಲ್ಲಿ ಸ್ನಾಯು ಕಟ್ಟುವ ಕೆಲಸ ಶುರುಮಾಡಲು ಸಾಕಾಗುವ ಪ್ರಮಾಣ ಹಿರಿಯರಲ್ಲಿ ಸಾಕಾಗುವುದಿಲ್ಲ, ಒಂದು ಹೊತ್ತಿಗೆ 25–30 ಗ್ರಾಂ ಬೇಕಾಗುತ್ತದೆ. 60 ಕಿಲೊ ತೂಗುವವರ ದಿನದ ಅಗತ್ಯ ಹೀಗೆ 60ರಿಂದ 72 ಗ್ರಾಂ.

ಈಗ ದಕ್ಷಿಣ ಕರ್ನಾಟಕದ ಸಸ್ಯಾಹಾರಿ ಹಿರಿಯರೊಬ್ಬರ ತಟ್ಟೆಯನ್ನು ಕೂಡಿಸಿ ನೋಡಬಹುದು. ಬೆಳಿಗ್ಗೆ ಮೂರು ಇಡ್ಲಿ, 6 ಗ್ರಾಂ. ಎರಡು ಹೊತ್ತಿನ ಕಾಫಿಯ ಹಾಲು, 3. ಮಧ್ಯಾಹ್ನ ನೂರು ಗ್ರಾಂ ಹಿಟ್ಟಿನ ರಾಗಿ ಮುದ್ದೆ 7, ಅನ್ನ 6, ತೆಳ್ಳನೆಯ ಬೇಳೆಸಾರು 4, ಮಜ್ಜಿಗೆ 3. ರಾತ್ರಿ ಮತ್ತೆ ಅನ್ನ ಸಾರು, 10. ಒಟ್ಟು 39. ಹೊಟ್ಟೆ ತುಂಬಿದೆ, ಲೆಕ್ಕ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿದೆ. ರಾಗಿಯ ಮೇಲಿನ ಅಭಿಮಾನಕ್ಕೆ ಇದರಿಂದ ನೋವಾಗಬಹುದು. ಅದರಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಪ್ರೋಟೀನು ಅಕ್ಕಿಯಷ್ಟೇ. ಹಲ್ಲು ಬಿದ್ದವರು ಕಾಳು ಬಿಟ್ಟು ಮೆತ್ತನ್ನಕ್ಕೆ, ಗಂಜಿಗೆ ಇಳಿಯುತ್ತಾರೆ. ಒಪ್ಪತ್ತು ಮಾಡುವವರ ರಾತ್ರಿಯ ಫಲಾಹಾರ ಸಾಮಾನ್ಯವಾಗಿ ಅವಲಕ್ಕಿ, ಉಪ್ಪಿಟ್ಟು. ಹೆಣ್ಣುಮಕ್ಕಳ ವಿಷಯದಲ್ಲಿ, ಎಲ್ಲರದೂ ಆದ ಮೇಲೆ ಕೂತು ತಳದ ಸಾರು ಬಡಿಸಿಕೊಳ್ಳುವ ಅಭ್ಯಾಸವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕೊರತೆ ತುಂಬುವುದಕ್ಕೆ ಡಬ್ಬದ ಪುಡಿಯೇ ಆಗಬೇಕೆಂದಿಲ್ಲ. ಐವತ್ತು ಗ್ರಾಂ ಹುರುಳಿ, ಹೆಸರು ಅಥವಾ ಅಲಸಂದೆ ಕಾಳಿನಲ್ಲಿ ಸುಮಾರು 11 ಗ್ರಾಂ ಪ್ರೋಟೀನು ಇದೆ; ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ಒಂದು ದೊಡ್ಡ ಲೋಟ ಹಾಲಿನಲ್ಲಿ 6, ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಮೀನು ಅಥವಾ ಕೋಳಿಯಲ್ಲಿ ಸುಮಾರು 20. ಸಾರನ್ನು ಗಟ್ಟಿ ಮಾಡಿ ಅನ್ನ ಕಡಿಮೆ ಮಾಡುವುದೇ ದೊಡ್ಡ ತಿದ್ದುಪಡಿ. ಅಗಿಯಲಾಗದವರಿಗೆ ಕಾಳನ್ನು ಮೊಳಕೆ ಕಟ್ಟಿ ಬೇಯಿಸಿ ಮಸೆದು ಕೊಡಬಹುದು. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು. ವಿಟಮಿನ್ ಡಿ ಬಗ್ಗೆ ಒಂದು ಎಚ್ಚರಿಕೆ: ಕೊರತೆ ಇದ್ದರೆ ತುಂಬುವುದು ಸರಿ, ಹೆಚ್ಚಾದಷ್ಟೂ ಬಲ ಎಂಬುದು ಸುಳ್ಳು. ಆಸ್ಟ್ರೇಲಿಯದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟಾಗ ಅವರು ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು ಎಂದು 2010ರಲ್ಲಿ ವರದಿಯಾಯಿತು.

ಬೊಜ್ಜಿರುವ ಹಿರಿಯರು ತೂಕ ಇಳಿಸಬೇಕೆ? ಮಂಡಿನೋವು, ಸಕ್ಕರೆ, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ಇದ್ದವರಿಗೆ ಇಳಿಸುವುದರಿಂದ ಲಾಭವಿದೆ. ತೊಡಕು ಏನೆಂದರೆ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಹೋಗುವ ಪ್ರತಿ ನಾಲ್ಕು ಕಿಲೊದಲ್ಲಿ ಸುಮಾರು ಒಂದು ಕಿಲೊ ಕೊಬ್ಬಲ್ಲದ ಅಂಶ. ಕೆಲವು ತಿಂಗಳಲ್ಲಿ ತೂಕ ಮರಳಿದರೆ ಮರಳುವುದು ಹೆಚ್ಚಾಗಿ ಕೊಬ್ಬೇ. ಹೀಗೆ ಎರಡು ಮೂರು ಸಲ ಡಯಟ್ ಮಾಡಿ ಬಿಟ್ಟವರು ಮೊದಲಿನ ತೂಕದಲ್ಲೇ ಇದ್ದರೂ ಮೊದಲಿಗಿಂತ ಬಡವರು. ಭಾರತಕ್ಕೆ 2025ರಲ್ಲಿ ಬಂದ ತೂಕ ಇಳಿಸುವ ಚುಚ್ಚುಮದ್ದುಗಳಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ಪ್ರಯೋಗಗಳ ಸ್ಕ್ಯಾನುಗಳಲ್ಲಿ, ಇವುಗಳಲ್ಲಿ ಒಂದಾದ ಟಿರ್ಜೆಪಟೈಡ್ ಪಡೆದವರು ಇಳಿಸಿದ ತೂಕದಲ್ಲಿ ಕಾಲು ಭಾಗ, ಇನ್ನೊಂದಾದ ಸೆಮಾಗ್ಲುಟೈಡ್ ಪಡೆದವರಲ್ಲಿ ಐದರಲ್ಲಿ ಎರಡು ಭಾಗದಷ್ಟು ಕೊಬ್ಬಲ್ಲದ ಅಂಶವಾಗಿತ್ತು. ಅದೆಲ್ಲವೂ ಸ್ನಾಯುವೇ ಎನ್ನಲಾಗದು, ನೀರೂ ಅಂಗಾಂಗಗಳ ತೂಕವೂ ಅದರಲ್ಲಿ ಸೇರಿರುತ್ತವೆ. ಆದರೂ ಎಪ್ಪತ್ತರವರಿಗೆ ಈ ಮದ್ದು ಬರೆಯುವ ಕೈ ಜೊತೆಗೆ ವ್ಯಾಯಾಮವನ್ನೂ ಬರೆಯಬೇಕು. ಇನ್ನು ಪ್ರಯತ್ನಪಡದೆಯೇ ಆರು ತಿಂಗಳು, ವರ್ಷದಲ್ಲಿ ತೂಕದ ಇಪ್ಪತ್ತರಲ್ಲೊಂದು ಭಾಗ ಇಳಿದರೆ ಸಂತೋಷಪಡುವ ಬದಲು ಆಸ್ಪತ್ರೆಗೆ ಹೋಗಬೇಕು. ಹತೋಟಿ ತಪ್ಪಿದ ಸಕ್ಕರೆ, ಕ್ಷಯ, ಥೈರಾಯ್ಡ್, ಕ್ಯಾನ್ಸರ್, ಖಿನ್ನತೆ ಯಾವುದೂ ಇರಬಹುದು.

ಬೊಜ್ಜಿನ ಹಿರಿಯರಿಗೆ ಯಾವ ವ್ಯಾಯಾಮ ಸರಿ ಎಂಬ ಪ್ರಶ್ನೆಗೆ ಡೆನ್ನಿಸ್ ವಿಲ್ಲಾರಿಯಲ್ ತಂಡ 2017ರಲ್ಲಿ ಉತ್ತರ ಕೊಟ್ಟಿತು. 160 ಮಂದಿಯನ್ನು ಹಂಚಿ, ತೂಕ ಇಳಿಸುವ ಆಹಾರದ ಜೊತೆಗೆ ಕೆಲವರಿಗೆ ನಡಿಗೆಯಂಥ ವ್ಯಾಯಾಮ, ಕೆಲವರಿಗೆ ಭಾರ ಎತ್ತುವುದು, ಕೆಲವರಿಗೆ ಎರಡನ್ನೂ ಕೊಟ್ಟರು. ಆರು ತಿಂಗಳ ಬಳಿಕ ನಡಿಗೆಯ ಗುಂಪು ಕೊಬ್ಬಲ್ಲದ ತೂಕದಲ್ಲಿ ಶೇ. 5 ಕಳೆದುಕೊಂಡಿತ್ತು, ಭಾರದ ಗುಂಪು ಶೇ. 2, ಎರಡೂ ಮಾಡಿದವರು ಶೇ. 3. ದಿನನಿತ್ಯದ ಕೆಲಸಗಳ ಸಾಮರ್ಥ್ಯ ಎಲ್ಲರಿಗಿಂತ ಹೆಚ್ಚು ಸುಧಾರಿಸಿದ್ದು ಎರಡೂ ಮಾಡಿದವರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯೂ ಹಾಗೆಯೇ ಇದೆ: ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಕನಿಷ್ಠ ಎರಡು ದಿನ ಬಲದ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ. ನಮ್ಮ ಉದ್ಯಾನಗಳಲ್ಲಿ ಮೊದಲನೆಯದು ಹರಟೆಯೊಂದಿಗೆ ಚೆನ್ನಾಗಿಯೇ ನಡೆಯುತ್ತದೆ. ಪಕ್ಕದ ಬಯಲು ಜಿಮ್ಮಿನ ಸಲಕರಣೆಗಳು ಕೂರುವ ಬೆಂಚಾಗಿಯೇ ಹೆಚ್ಚು ಬಳಕೆಯಾಗುತ್ತವೆ.

ಬಲದ ವ್ಯಾಯಾಮಕ್ಕೆ ಬೇಕಾದದ್ದು ಸ್ನಾಯುವಿಗೆ ಕಷ್ಟವಾಗುವಷ್ಟು ಭಾರ, ಮತ್ತು ಅದನ್ನು ವಾರದಿಂದ ವಾರಕ್ಕೆ ತುಸು ಏರಿಸುವುದು. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಕೊಟ್ಟು ದೂಡುವುದು, ತುದಿಗಾಲಲ್ಲಿ ನಿಂತು ಇಳಿಯುವುದು, ಅಕ್ಕಿ ತುಂಬಿದ ಕೈಚೀಲ ಎತ್ತುವುದು ಆರಂಭಕ್ಕೆ ಸಾಕು. ಹತ್ತು ಸಲ ಮಾಡಿದಾಗ ಕೊನೆಯ ಎರಡು ಕಷ್ಟವಾಗಬೇಕು; ಆಗದಿದ್ದರೆ ಭಾರ ಸಾಲದು. ಉಸಿರು ಬಿಗಿಹಿಡಿಯದೆ ಬಿಡುತ್ತ ಎತ್ತಬೇಕು. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ವಯಸ್ಸು ಮೀರಿತು ಎಂಬ ಹಿಂಜರಿಕೆಗೆ ಬೋಸ್ಟನ್ನಿನ ಹೀಬ್ರೂ ಪುನರ್ವಸತಿ ಕೇಂದ್ರದಲ್ಲಿ ಮರಿಯಾ ಫಿಯಟರೋನ್ ನಡೆಸಿದ ಪ್ರಯೋಗ ಉತ್ತರ. ಅಲ್ಲಿ ವಾಸವಿದ್ದ, ಸರಾಸರಿ ತೊಂಬತ್ತು ವರ್ಷದ ಹತ್ತು ದುರ್ಬಲರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅದೂ ಅವರ ಶಕ್ತಿಯ ಶೇ. 80ರವರೆಗಿನ ಭಾರ. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು, ತೊಡೆಯ ಸ್ನಾಯು ಶೇ. 9ರಷ್ಟು ದಪ್ಪವಾಯಿತು, ಇಬ್ಬರು ಊರುಗೋಲು ಬಿಟ್ಟರು. 1994ರಲ್ಲಿ ಇದನ್ನೇ ನೂರು ಮಂದಿಯ ಮೇಲೆ ಮಾಡಿದಾಗ ಬಲ ಇಮ್ಮಡಿಗೂ ಮೀರಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯವನ್ನಷ್ಟೇ ಕುಡಿದವರಲ್ಲಿ ಬದಲಾವಣೆ ಕಾಣಲಿಲ್ಲ. ಮೊದಲ ಪ್ರಯೋಗದವರು ಭಾರ ಎತ್ತುವುದನ್ನು ನಿಲ್ಲಿಸಿ ಹಳೆಯ ದಿನಚರಿಗೆ ಮರಳಿದಾಗ, ನಾಲ್ಕೇ ವಾರದಲ್ಲಿ ಅವರ ಬಲ ಶೇ. 32ರಷ್ಟು ಇಳಿದಿತ್ತು.